ಒಂದು ಕಿಲೋ ನೂರಾ ಹತ್ತು ಗ್ರಾಂ

ತಂದ ದಿನವೇ ತೂಗಿದೆ ಇದನ್ನು
ಚಿಂದಿ ತೂಗುವ ತಕ್ಕಡಿಯಲ್ಲಿ:
ಒಂದು ಕಿಲೋ ನೂರಾ ಹತ್ತು ಗ್ರಾಂ.
ಎರಡು ಜೀನ್ಸಿಗಿಂತ ತುಸು ಕಮ್ಮಿ,
ಮೂವತ್ತೆರಡರ ನಡುವಿನವು, ಗುಂಡಿ ಬಡಿಯುವ ಮುಂಚೆ.
‘ಇಷ್ಟೇನಾ?’ ಅಂದಳು ಹೊನ್ನೂರಬಿ,
‘ಇಪ್ಪತ್ತೆಂಟು ಸಾವಿರಕ್ಕ ಪರಾತ ಬ್ಯಾಡ, ಬರೇ ಮುಚ್ಚಳ!’
ಹದಿನೆಂಟು ಕಂತು. ಅವು ತಕ್ಕಡಿಗೆ ಬರಲಿಲ್ಲ.

ಕೌಲ್‌ಬಜಾರಿನ ಸಂದಿಯಲ್ಲಿ ನಾನು ಲೆಕ್ಕದವಳು.
ಜೇಬಿಗಿಷ್ಟು, ಜಿಪ್ಪಿಗಿಷ್ಟು, ಲೂಪಿಗಿಷ್ಟು,
ಮನೆಯಲ್ಲಿ ಕೂತು ದಾರ ಕತ್ತರಿಸುವವರಿಗೆ
ಪೀಸಿಗೆ ಎಪ್ಪತ್ತು ಪೈಸೆ.
ಆ ಪೈಸೆಯೆಲ್ಲ ಮೊದಲು ಮಾಲಕರ ಕ್ಯಾಬಿನ್ನಿನಲ್ಲಿ,
ಎಮ್ಮೆಯಂಥ ಹಳೇ ಕಂಪ್ಯೂಟರಿನೊಳಗೆ ಇರುತ್ತಿತ್ತು.
ಅದರ ಮುಖ ಗೋಡೆಗೆ, ಬೆನ್ನು ನಮಗೆ.
ದೀಪಾವಳಿಗೆ ಅದು ಸತ್ತಿತು.
‘ನಿಂದೇ ಒಂದು ತಂದುಕೋ, ತಿಂಗಳಿಗೆ ಐನೂರು ಮೇಲೆ ಕೊಡ್ತೀನಿ.’

ಇದಕ್ಕೆ ಸದ್ದಿಲ್ಲ. ಹೊಟ್ಟೆಯಲ್ಲಿ ಫ್ಯಾನೇ ಇಲ್ಲ.
ಹನ್ನೆರಡು ಮಷೀನು ಕಿರುಚುವ ಕಡೆ
ಆ ಮೌನ ಯಾರಿಗೆ ಬೇಕಿತ್ತೋ!
ಏಪ್ರಿಲ್ ಬಂದ ಮೇಲೆ ಬಲ್ಲೆ:
ನಲವತ್ತೆರಡು ಡಿಗ್ರಿಗೆ ಇದೂ ನಮ್ಮ ಹಾಗೇ,
ಮಧ್ಯಾಹ್ನ ಎರಡರ ಮೇಲೆ ಒಂದು ಒತ್ತಿದರೆ
ಯೋಚಿಸಿ, ಬಿಸಿಯಾಗಿ, ಆಮೇಲೆ ಒಂದು ಕೊಡುತ್ತದೆ.
ಒದ್ದೆ ಬಟ್ಟೆ ಹಾಸಲು ಹೋದೆ ಅಡಿಗೆ.
‘ಅಕ್ಕಾ, ಯಂತ್ರ ಅದು, ಜ್ವರದ ಕೂಸಲ್ಲ,’
ಕಟಿಂಗ್ ಮಾಸ್ತರ ಗಾದಿಲಿಂಗ ಕಸಿದುಕೊಂಡ.

ತೂತು ಎರಡೇ. ಒಂದರಲ್ಲಿ ಚಾರ್ಜರು ಕೂತರೆ
ಇನ್ನೊಂದಕ್ಕೆ ಪ್ರಿಂಟರೂ ಪೆನ್‌ಡ್ರೈವೂ ಸವತಿಯರು.
ರಾಜಿಗೆಂದು ಕವಲಿನ ವೈರು ತಂದೆ, ನಾನೂರ ಐವತ್ತು.
ಅದು ಯಾವಾಗಲೂ ಮನೆಯಲ್ಲಿ ಮರೆತಿರುತ್ತದೆ.
ಚಾರ್ಜರೇನೋ ನನ್ನ ಫೋನಿಗೂ ಅದೇ,
ಒಂದೇ ದಾರ, ಎರಡು ಸೂಜಿ.
ಕರೆಂಟು ಹೋಗಿ ಮಷೀನೆಲ್ಲ ಒಮ್ಮೆಲೇ ಬಾಯಿ ಮುಚ್ಚಿದಾಗ
ಇದೊಂದೇ ಬೆಳ್ಳಗೆ ಕೂತಿರುತ್ತದೆ, ಏಳು ತಾಸು.
ಅಂಗಡಿಯವ ಹೇಳಿದ್ದು ಹನ್ನೆರಡು.

ಕೀಲಿಗಳಿಗೆ ಆಳವಿಲ್ಲ.
ಗುಂಡಿ ಒತ್ತಿ ಒತ್ತಿ ಕಾಯಿಗಟ್ಟಿದ ಬೆರಳಿಗೆ
ಒತ್ತಿದೆನೋ ಇಲ್ಲವೋ ತಿಳಿಯದು.
ಎಂಟು ಡಜನ್ ಎಂಬತ್ತೆಂಟಾಗಿ
ರಮೀಜಾ ಒಂದು ಸಂಜೆ ಶ್ರೀಮಂತಳಾಗಿದ್ದಳು.
ನೀಲಿ ನೂಲಿನ ಧೂಳು ಸಂದಿಸಂದಿಗೆ,
ಹಳೇ ಬ್ರಷ್ಷಿನಲ್ಲಿ ದಿನಾ ಇದರ ಹಲ್ಲುಜ್ಜುತ್ತೇನೆ.

ಶನಿವಾರ ಬಟವಾಡೆ.
ಸಂಚಿಯಲ್ಲಿ ಊಟದ ಡಬ್ಬಿಯ ಬದಿಗೆ ಇದನ್ನು ಸಿಕ್ಕಿಸಿ
ಗುಗ್ಗರಹಟ್ಟಿಗೆ ನಡೆದೆ, ಹೆಗಲಿಗೆ ಗೊತ್ತಾಗಲಿಲ್ಲ.
ಕಟ್ಟೆಯ ಮೇಲೆ ತೆರೆದರೆ
‘ಇದ್ರಾಗ ನಮ್ಮ ಮಾರಿನ ಕಾಣತೈತಿ, ಲೆಕ್ಕ ಎಲ್ಲೈತಿ?’
ಬಿಸಿಲಿಗೆ ಇದು ಬರೀ ಕನ್ನಡಿ.
ಮೆಟ್ಟಿಲ ಕೆಳಗಿನ ನೆರಳಿಗೆ ಸರಿದೆವು.
ಚೌಕಾಬಾರದ ಮನೆಯ ಹಾಗೆ ನೆಲಕ್ಕೆ ಪೂರ್ತಿ ಮಲಗಿಸಿದೆ,
ನಾಲ್ಕೂ ಕಡೆಯಿಂದ ತಲೆಗಳು ಬಗ್ಗಿದವು.

ಹುಲಿಗೆಮ್ಮನ ಬೆರಳು, ಮಿರ್ಚಿಯ ಎಣ್ಣೆ ಆರದ್ದು,
ಒಂದು ಸಾಲಿನ ಮೇಲೆ ನಿಂತಿತು.
‘ಈ ಕೆಂಪಂದು ಏನು?’
‘ಡ್ಯಾಮೇಜು.’
‘ಹದಿನಾಲ್ಕಾ? ನಾನು ಎಣಿಸಿ ಕೊಟ್ಟೀನಿ, ಒಂದೂ ಇರಲಿಲ್ಲ.’
ಹೋದ ವಾರದ್ದು ತೆಗೆ ಅಂದಳು. ಅದರ ಹಿಂದಿನದು.
ತೆಗೆದೆ. ಕೆಂಪು, ಕೆಂಪು.
ಮಾಲಕರು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು
ಹಾಗೇ ಒತ್ತಿದ ಕೈ ನನ್ನದೇ.
ಸ್ಪೀಕರು ಅಡಿಯಲ್ಲಿರುವ ಇದರ ಹಾಗೆ
ನನ್ನ ದನಿಯೂ ಮಡಿಲೊಳಗೇ ಹೋಯಿತು.

ಸೋಮವಾರ ಮಾಲಕರು ಕರೆದರು:
‘ರಾತ್ರಿ ಅದನ್ನ ಕ್ಯಾಬಿನ್ನಿನಾಗ ಇಟ್ಟು ಹೋಗವ್ವ.’
‘ಕಂತು ನನ್ನವು, ಮಾಲಕರ.’
ಎರಡು ಜೀನ್ಸಿಗಿಂತ ಕಮ್ಮಿ ತೂಕದ್ದನ್ನು
ಎರಡೂ ಕೈಯಲ್ಲಿ ಹಿಡಿದಿದ್ದೆ.

ಈಗೀಗ ಬಲಗಡೆಯ ಕೀಲು ಸಡಿಲ.
ತೋರಿಸಿದರೆ ಅಂಗಡಿಯವ ಬೈದ:
‘ಅಗ್ಗದ ತೆಳುವಿನವು ಅಮ್ಮಾ ಇವು,
ಪೂರ್ತಿ ಮಲಗಿಸಿ ತೆರೀಬೇಡಿ.’
ಶನಿವಾರ ಒಂದಿನ ತೆರೀಬೇಕಾಗ್ತದಲ್ಲ, ಅಂದೆ.